ನಾಕು ಕಾರ್ಡು

ಕಾರ್ಡು ಅಂದ್ರ ನನಗ ಲಗ್ನದ್ದಷ್ಟಽ ಗೊತ್ತಿತ್ತು.
ಅರಿಷಿಣ ಅಂಚು, ಮ್ಯಾಲೆ ಗಣಪತಿ ಬ್ಲಾಕು,
ಕೆಳಗ ‘ಆಗಮನಾಭಿಲಾಷಿಗಳು’.
ಆ ಒಂದು ಶಬ್ದ ಜೋಡಸೂದರಾಗ
ಅರ್ಧ ಕಪ್ಪು ಚಹಾ ತಣ್ಣಗ ಆಗತಿತ್ತು.

ಜೀವಲತಾ ಟೀಚರ್ ಅಂದ್ರು:
‘ಫಕೀರಪ್ಪ ಮಾಮಾ, ಇದು ಬ್ಯಾರೆ ಕಾರ್ಡು.
ಮೂರು ಪಟ್ಟಿ ಒಮ್ಮೆಗೇ ಒತ್ತಬೇಕು.
ಇಡೀ ಹಾಡಿಗೆ ಇಂಥಾವು ನಾಕಽ ನಾಕು.
ಸಿ, ಜಿ, ಎ ಮೈನರ್, ಎಫ್. ಮತ್ತ ಸಿ.’
ನಾಕಽ? ಅಂದೆ.
ಆಟೋದಾಗ, ಮೊಬೈಲ್ ಅಂಗಡ್ಯಾಗ,
ಮುನ್ಸಿಪಾಲ್ಟಿ ಕಸದ ಗಾಡ್ಯಾಗ ಸುದ್ದಾ ಕುಣಿಯೂ ಹಾಡು
ನಾಕು ಕಾಲಿನ ಮ್ಯಾಲೆ ನಿಂತೈತಿ, ಸ್ಟೂಲಿನ ಗತೆ.

ಮೊದಲನೇ ದಿನ ಅವರು ಪ್ರಾರ್ಥನಾ ಗೀತಿ ತಗದಿದ್ರು,
ಸಾವಕಾಶ ಇರತೈತಿ, ವಯಸ್ಸಿಗೆ ಚಲೋ ಅಂತ.
ಒಲ್ಲೆ ಅಂದೆ. ನನಗ ಆ ಜಿಗಿಯೂದಽ ಬೇಕು.
ನಲವತ್ತು ವರ್ಷ ಸಾವಕಾಶ ಇದ್ದದ್ದನ್ನಽ ಮಾಡೇನಿ:
ಭಜನಿ ಪುಸ್ತಕ, ಆರತಿ ಪುಸ್ತಕ, ಸೋಬಾನ,
ಎಷ್ಟು ಸಾವಿರ ಪದಾ ಮೊಳಿ ಮೊಳಿ ಹೆಕ್ಕಿ ಕೂಡಿಸೇನಿ,
ತಲಿಕೆಳಗ, ಬಲಕ್ಕ ಎಡ.
ಒಂದರದ್ದೂ ಧಾಟಿ ಗೊತ್ತಿಲ್ಲ.
ಪ್ರೂಫಿನ್ಯಾಗ ತಪ್ಪು ಹುಡಕಾವಗ
ಹಾಡು ಕೇಳಸಂಗಿಲ್ಲ.

ಬೆಟಗೇರ್ಯಾಗ ಟೀಚರ್ ಮನಿ ಪಡಸಾಲಿ.
ಅವರಜ್ಜಗ ಯಾರೋ ಪಾದ್ರಿ ಬಿಟ್ಟುಹೋದ ಪಿಯಾನೋ,
ಒಂದು ಕಾಲು ಗಿಡ್ಡ, ಅದರ ಕೆಳಗ ಹಳೇ ಪಾವತಿ ಬುಕ್ಕು
(ನಮ್ಮ ಪ್ರೆಸ್ಸಿಂದಽ, ಹೊಲಿಗಿ ನೋಡಿ ಹಿಡದೆ).
ಬಿಳೀ ಪಟ್ಟಿ ಹಳದಿಗಟ್ಯಾವು.
ಕರೀವು ಒತ್ತಕ್ಷರ ಇದ್ದಂಗ;
ನಮ್ಮಲ್ಲೆ ಒತ್ತು ಕೆಳಗ ಕುಂಡರತಾವು,
ಇಲ್ಲೆ ತಲಿಮ್ಯಾಲೆ ಏರ್ಯಾವು.
ನಡುವಿನ ಎಫ್ ಒತ್ತಿದ್ರ ಏಳಂಗಿಲ್ಲ,
ಉಗರಲೆ ಎಬ್ಬಿಸಿ ಮುಂದ ಹೋಗಬೇಕು.

ಎಡಗೈ ಲಗೂನ ಕಲೀತು, ಮಗ್ಗಿ ಒಪ್ಪಿಸಿದಂಗ.
ಬಲಗೈದಽ ಬ್ಯಾನಿ.
ತಾಳದ ಮ್ಯಾಲೆ ಬಾ ಅಂದ್ರ ಬರತೈತಿ,
ಈ ಹಾಡು ತಾಳಕ್ಕಿಂತ ಅರ್ಧ ಹೆಜ್ಜಿ ಮೊದಲಽ ಬರತೈತಿ,
ಕರಿಯೂದರಾಗ ಒಳಗ ಬಂದು ಕುಂಡ್ರೂ ಬೀಗರಂಗ.
ಗ್ವಾಡಿ ಆಚೆ ಮಗ್ಗ, ಖಟಕ್ ಪಟಕ್ ಖಟಕ್.
ತಾಳಕ್ಕ ಅದನ್ನಽ ಹಿಡೀರಿ ಅಂತಾರ ಟೀಚರ್.
ಮೂರು ವಾರ ನಾನು ಬರೇ ಖಟಕ್ಕಿನ ಮ್ಯಾಲೆ ಬಿದ್ದೆ.

ನಾಕನೇ ವಾರ ಯಾಕೋ ಕಾಲು
ತನ್ನಷ್ಟಕ್ಕ ತಾನಽ ನೆಲ ತುಳೀಲಿಕ್ಕೆ ಹತ್ತಿತು,
ಟ್ರೆಡಲ್ ತುಳದಂಗ.
ಟ್ರೆಡಲ್ ಬಾಯಿ ಮುಚ್ಚೂವಾಗ ಕೈ ಹಾಕಬಾರದು.
ತಗದಾಗ ಹಾಕಬೇಕು, ಹಾಳಿ ಇಟ್ಟು ತಗೀಬೇಕು.
ನನ್ನ ಉಂಗುರದ ಬಟ್ಟು ಕೇಳ್ರಿ,
ತುದಿ ಗೆಣ್ಣು ಇಲ್ಲ ಅದಕ್ಕ;
ಹುಲಕೋಟಿ ಕಡೆ ಯಾರದೋ ಲಗ್ನದ್ದು,
ಮುನ್ನೂರನೇ ಪ್ರತಿಗೆ ಹೋತು.
ಅಂದ್ರ ಇದು ನನಗ ಗೊತ್ತಿದ್ದದ್ದಽ!
ಹೊಡತ ಬಿಟ್ಟು ಸಂದಿನ್ಯಾಗ ಕೈ.
ಖಟಕ್, ಈಗ, ಪಟಕ್, ಈಗ,
ಹಾಡು ನನ್ನ ಕೈಯಾಗಿಂದ ಜಿಗಿದು ಓಡಿತು.
ಮೋಟ ಬಟ್ಟಿಗೆ ಒಂದು ಸ್ವರ ನಿಲುಕಂಗಿಲ್ಲ, ದಾಟಿ ಹೋಗತೈತಿ.
‘ಅದಽ ಚಂದ ಕೇಳತೈತಿ ಮಾಮಾ’ ಅಂದ್ರು ಟೀಚರ್.
ಸುಮ್ನ ಅಂದ್ರೋ ಖರೇನೋ.

ನಿನ್ನೆ ನಟ್ಟನಡುವ ಕರೆಂಟ್ ಹೋತು.
ಓಣ್ಯಾಗಿನ ಮಗ್ಗ ಎಲ್ಲಾ ಗಪ್ ಆದವು.
ನಾನು ನಿಲ್ಲಬೇಕಂದೆ, ಕಾಲು ಕೇಳಲಿಲ್ಲ.
ಕತ್ತಲದಾಗ ಸಿ, ಜಿ, ಎ ಮೈನರ್.
ಕಂಡಿಕಿ ಸುತ್ತೂ ಹುಡುಗಿ ಹೊಸ್ತಲಕ್ಕ ಬಂದಿದ್ಲು,
ಕಾಣಲಿಲ್ಲ, ಬಳಿ ಸಪ್ಪಳ ಕೇಳಿತು,
ಹಾಡಿಗೆ ಸರಿಯಾಗಿ.

ಕರೆಂಟ್ ಬಂತು. ಈಗ ಮಗ್ಗದ್ದೊಂದು ತಾಳ, ನಂದೊಂದು.
ಈ ಹಾಡು ಹ್ಯಾಂಗ ಮುಗಸೂದಂತ
ಟೀಚರ್ ಇನ್ನೂ ಹೇಳಿಕೊಟ್ಟಿಲ್ಲ.
ರೇಡಿಯೋದಾಗ ಅದು ಹಂಗಽ ಸಣ್ಣಾಕ್ಕೋತ ಹೋಗಿಬಿಡತೈತಿ.
ನನಗ ಸಣ್ಣಾಗೂದು ಬರಂಗಿಲ್ಲ.
ಎಫ್ ಆತು.
ಉಗರಲೆ ಎಬ್ಬಿಸಿದೆ.
ಮತ್ತ ಸಿ.